ಮೊದಲ ವರ್ಷ ಬರೀ ಸೋತ ಕುಸ್ತಿ ಮಕ್ಕಳಿಗೆ

ಬೆಂಗಳೂರಿನ ಹಳೇ ಪೇಟೆಯ ಗರಡಿಯೊಂದರಲ್ಲಿ ಸಂಜೆ ಹೈಸ್ಕೂಲ್ ಮಕ್ಕಳಿಗೆ ಕುಸ್ತಿ ಹೇಳಿಕೊಡುತ್ತೇನೆ. ಎಂಟನೇ ಕ್ಲಾಸಿನಲ್ಲಿ ಬರೀ ಸೋತವರು ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಗೆಲ್ಲುವುದನ್ನು ಕಣ್ಣಾರೆ ನೋಡಿದ್ದೇನೆ.

ಮೊದಲು ನಿಲುವು ಸರಿ ಮಾಡಿಕೊಳ್ಳಿ. ಸೋಲುವ ಹುಡುಗ ಜಾಸ್ತಿ ನೆಟ್ಟಗೆ ನಿಂತಿರುತ್ತಾನೆ. ಮಂಡಿ ಬಗ್ಗಿಸಿ, ಸೊಂಟ ಇಳಿಸಿ, ಮೊಣಕೈ ಪಕ್ಕೆಗೆ ಅಂಟಿರಲಿ. ತಲೆ ಮಾತ್ರ ಮೇಲಿರಲಿ.

ಆಮೇಲೆ ಒಂದೇ ಪಟ್ಟು ಹಿಡಿಯಿರಿ. ಸುಮ್ನೆ ಯೂಟ್ಯೂಬ್ ನೋಡಿ ದಿನಕ್ಕೊಂದು ಕಲಿಯಬೇಡಿ. ನನ್ನ ಹತ್ತಿರ ಒಬ್ಬ ಹುಡುಗ ಇಡೀ ವರ್ಷ ಒಂಟಿ ಕಾಲು ಹಿಡಿಯುವುದನ್ನೇ ಮಾಡಿದ, ದಿನಕ್ಕೆ 50 ಸಲ. ಎರಡೂ ಕೈ ಎದುರಾಳಿಯ ಮಂಡಿ ಹಿಂದೆ ಸೇರಬೇಕು, ನಮ್ಮ ಕಿವಿ ಅವನ ಪಕ್ಕೆಗೆ ಒತ್ತಬೇಕು, ನಡುವೆ ಗಾಳಿಯೂ ಆಡಬಾರದು. ಮನೆಗೆ ಹೋಗುವಾಗ ಆ ಹುಡುಗನ ಬಲಗಿವಿ ಕೆಂಪಗಿರುತ್ತಿತ್ತು. ಹಾಗೆ ಕೆಡವಿ ಹಿಡಿತದಲ್ಲಿಟ್ಟುಕೊಂಡರೆ 2 ಅಂಕ.

ತೂಕ ಇಳಿಸಲು ಊಟ ಬಿಡಲೇಬೇಡಿ. ಬೆಳೆಯುವ ವಯಸ್ಸು ಅಲ್ವಾ? ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ ತಿನ್ನಿ. ಒಂದು ತೂಕದ ವಿಭಾಗ ಮೇಲೆ ಆಡಿದರೂ ಪರವಾಗಿಲ್ಲ.

ಅಂಕದಲ್ಲಿ ಹಿಂದೆ ಬಿದ್ದಾಗ ಕೈ ಚೆಲ್ಲಬೇಡಿ. 2016ರ ರಿಯೋ ಒಲಿಂಪಿಕ್ಸ್‌ನ ಕಂಚಿನ ಪಂದ್ಯದಲ್ಲಿ ಸಾಕ್ಷಿ ಮಲಿಕ್ 0-5 ಹಿಂದಿದ್ದರು, 8-5ರಿಂದ ಗೆದ್ದರು. ಇದನ್ನು ಪ್ರತಿ ಹೊಸ ಮಗುವಿಗೂ ಹೇಳುತ್ತೇನೆ.

ಸೋತ ರಾತ್ರಿ ನೋಟ್‌ಬುಕ್‌ನಲ್ಲಿ ಒಂದೇ ಸಾಲು ಬರೆಯಿರಿ: ಯಾವ ಕಾಲು ಮುಂದಿತ್ತು, ಎದುರಾಳಿ ಎಲ್ಲಿ ಹಿಡಿದ. ಮರುದಿನ ಜೋಡಿಗೆ ಅಲ್ಲೇ ಹಿಡಿಯಲು ಹೇಳಿ, ಬಿಡಿಸಿಕೊಳ್ಳುವುದರಿಂದಲೇ ಅಭ್ಯಾಸ ಶುರು ಮಾಡಿ.