ಪಬ್ಬಿನ ನೆಲಮಾಳಿಗೆಯಲ್ಲಿ ಗರಗಸದ ಅಲಗು

ದೆವ್ವ ಹುಡುಕುವ ನಮ್ಮ ತಂಡದಲ್ಲಿ ಮೂರು ಚಳಿಗಾಲ ನನ್ನನ್ನು ನೋಡಿ ನಕ್ಕವರೇ, ಪಬ್ಬಿನ 'ದೆವ್ವ'ದ ಗುಟ್ಟು ಬಿಡಿಸಿದ ಗರಗಸದ ಅಲಗನ್ನು ಹೇಗೆ ಸಿಕ್ಕಿಸಿದೆ ಎಂದು ಈಗ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಹಳೆಯ ಪಬ್ಬು, ಹೆಸರು ಬೇಡ. ಮರಳುಗಲ್ಲು ಕೊರೆದು ಮಾಡಿದ ನೆಲಮಾಳಿಗೆಯನ್ನು ಬಿಯರಿಗಾಗಿ 12 ಡಿಗ್ರಿಯ ಆಸುಪಾಸಿನಲ್ಲಿ ತಂಪಾಗಿಡುತ್ತಾರೆ. ಪೀಪಾಯಿ ಬದಲಿಸಲು ಇಳಿದವರಿಗೆ ಕಣ್ಣಂಚಿನಲ್ಲಿ ಬೂದುಬಣ್ಣದ ಆಕೃತಿ, ಬೆನ್ನಿನಲ್ಲಿ ಚಳಿ. ವಾರಕ್ಕೆ ಎರಡು ಮೂರು ಸಲ.

ಮೊದಲ ವರ್ಷ ಎಲ್ಲರಂತೆ ನಾನೂ ಇಎಂಎಫ್ ಮೀಟರು (ವಿದ್ಯುತ್ಕಾಂತೀಯ ಕ್ಷೇತ್ರ ಅಳೆಯುವ ಉಪಕರಣ), ಕತ್ತಲೆಯಲ್ಲೂ ಚಿತ್ರ ತೆಗೆಯುವ ಕ್ಯಾಮೆರಾ ಎಂದು ಸುಮಾರು 400 ಪೌಂಡ್ ಸುರಿದೆ. ಮೀಟರು ಕುಣಿದಲ್ಲೆಲ್ಲ ಗೋಡೆಯ ಹಿಂದೆ ವಿದ್ಯುತ್ ತಂತಿ. ಎರಡನೆಯ ವರ್ಷ ಮೈಸೂರಿನ ಊದುಬತ್ತಿ ಹಚ್ಚಿಟ್ಟೆ. ಹೊಗೆ ವಾಲಿದ ಕಡೆ ಹೋದರೆ ಬಾಗಿಲಿನ ಸಂದು. ಚಳಿಗೆ ಕಾರಣ ಸಿಕ್ಕಿತು, ಆಕೃತಿಗೆ ಸಿಗಲಿಲ್ಲ. ಆ ನಡುವೆ, 1189ರಲ್ಲಿ ಶುರುವಾದದ್ದು ಎಂದು ಗೋಡೆಯ ಮೇಲೆ ಬರೆದುಕೊಂಡಿರುವ 'ಯೀ ಓಲ್ಡ್ ಟ್ರಿಪ್ ಟು ಜೆರುಸಲೆಮ್' ಎಂಬ ಇದೇ ಊರಿನ ಪಬ್ಬಿಗೂ ಹೋಗಿ, ಧೂಳು ಒರೆಸಿದವರು ಸಾಯುತ್ತಾರೆಂಬ ಕಥೆಯಿರುವ ಹಡಗಿನ ಮಾದರಿಯ ಮುಂದೆ ಎರಡು ಸಂಜೆ ಕುಳಿತೆ. ಕೆಲಸಕ್ಕೆ ಬರಲಿಲ್ಲ.

ದಾರಿ ತೋರಿಸಿದ್ದು ಬ್ರಿಟಿಷ್ ಇಂಜಿನಿಯರ್ ವಿಕ್ ಟ್ಯಾಂಡಿಯವರ 1998ರ ಲೇಖನ. ಕವೆಂಟ್ರಿಯ ಪ್ರಯೋಗಾಲಯದಲ್ಲಿ ಅವರಿಗೂ ಬೂದುಬಣ್ಣದ ಆಕೃತಿ ಕಂಡಿತ್ತು, ಬಿಗಿದಿಟ್ಟ ಕತ್ತಿಯಲಗು ತಾನಾಗಿ ನಡುಗಿತ್ತು. ಫ್ಯಾನೊಂದು ಎಬ್ಬಿಸುತ್ತಿದ್ದ, ಕಿವಿಗೆ ಕೇಳದಷ್ಟು ತಗ್ಗಿದ 19 ಹರ್ಟ್ಸ್ (ಸೆಕೆಂಡಿಗೆ 19 ಕಂಪನ) ಸದ್ದೇ ಕಾರಣ ಎಂದು ಬರೆದಿದ್ದರು. "ಬಂಡೆ ಎಲ್ಲಿ ನಡುಗುತ್ತದೆ?" ಎಂದರು ನಮ್ಮ ತಂಡದ ಹಿರಿಯರು. ನಡುಗಬೇಕಾದದ್ದು ಬಂಡೆಯಲ್ಲ, ಗಾಳಿ. ನೆಲಮಾಳಿಗೆಯ ಉದ್ದ ಅಳೆದೆ. ಹೆಚ್ಚುಕಡಿಮೆ 30 ಅಡಿ, 19 ಹರ್ಟ್ಸ್ ಸದ್ದಿನ ಅಲೆಯ ಉದ್ದದ ಅರ್ಧ! ಅಂಥ ಕೋಣೆಯಲ್ಲಿ ಅಲೆ ಗೋಡೆಗಳ ನಡುವೆ ನಿಂತಲ್ಲೇ ತೂಗುತ್ತದೆ, ಗಾಳಿ ನಟ್ಟನಡುವೆ ಹೆಚ್ಚು ನಡುಗುತ್ತದೆ.

ಲೋಹ ಕೊಯ್ಯುವ ಗರಗಸದ ಅಲಗನ್ನು ಸ್ಟ್ಯಾಂಡಿಗೆ ಬಿಗಿದು, ಪಕ್ಕದಿಂದ ಟಾರ್ಚ್ ಬಿಟ್ಟೆ. ಗೋಡೆಯ ಬಳಿ ಅದರ ನೆರಳು ಗೆರೆಯಂತೆ ಚೂಪಾಗಿತ್ತು. ಹೆಜ್ಜೆ ಹೆಜ್ಜೆಯಾಗಿ ನಡುವಿಗೆ ತಂದಂತೆ ನೆರಳಿನ ತುದಿ ಮಸುಕಾಗಿ, ಕೊನೆಗೆ ಬೀಸಣಿಗೆಯಂತೆ ಹರಡಿಕೊಂಡಿತು. ತಂಪುಯಂತ್ರದ ಫ್ಯಾನು ನಿಲ್ಲಿಸಿದೆ, ಮತ್ತೆ ಗೆರೆ. ಅಲಗನ್ನು ಎಷ್ಟು ಉದ್ದ ಬಿಡಬೇಕು, ತುದಿಗೆ ಏನು ಅಂಟಿಸಬೇಕು ಎಂಬುದು ನನ್ನಲ್ಲೇ ಇರಲಿ. ಅದಕ್ಕೆ ಹತ್ತಾರು ಅಲಗು ಮುರಿದಿದ್ದೇನೆ.

ಇದಕ್ಕೂ ಮೊದಲೇ ಕೆಲಸದವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಕಂಡ ಜಾಗವನ್ನು ನಕ್ಷೆಯಲ್ಲಿ ಗುರುತು ಹಾಕಿಸಿದ್ದೆ. ಹನ್ನೊಂದರಲ್ಲಿ ಎಂಟು ಗುರುತುಗಳು ಆ ನಡುವಿನಲ್ಲೇ. ಈ ಕ್ರಮ ತಪ್ಪಿದರೆ ಎಲ್ಲವೂ ವ್ಯರ್ಥ.

ಫ್ಯಾನಿನ ಬುಡಕ್ಕೆ ದಪ್ಪ ರಬ್ಬರು ಕೊಟ್ಟು ವೇಗ ತಗ್ಗಿಸಿದೆವು. ಖರ್ಚು 20 ಪೌಂಡ್ ದಾಟಲಿಲ್ಲ. ಏಳೆಂಟು ವಾರಗಳಾದವು, ಯಾರಿಗೂ ಏನೂ ಕಂಡಿಲ್ಲ. ಒಬ್ಬಳೇ ಇಳಿಯಲೊಲ್ಲದ ಹುಡುಗಿ ಈಗ ಹಾಡಿಕೊಂಡು ಹೋಗಿ ಬರುತ್ತಾಳೆ. ಮಹಡಿಯ ಹೆಜ್ಜೆಸಪ್ಪಳ ಮಾತ್ರ ನಿಂತಿಲ್ಲ. ಮುಂದಿನ ತಿಂಗಳು ಅಲಗನ್ನು ಅಲ್ಲಿಗೆ ಒಯ್ಯುತ್ತೇನೆ.