ಕಡೆಯ ಲಾಂಚು, ದಿನದ ತಾಳೆ

ಸಾಗರದಲ್ಲಿ ಅಡಿಕೆ ಮಾರಾಟ ಮಾಡುವ ಸಹಕಾರ ಸಂಘವೊಂದರ ಲೆಕ್ಕ ವಿಭಾಗವನ್ನು ನಾನು ಹಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಸುಗ್ಗಿಯ ತಿಂಗಳುಗಳಲ್ಲಿ ರಾಶಿ, ಚಾಲಿ, ಕೆಂಪುಗೋಟು ಎಂಬ ಅಡಿಕೆ ಬಗೆಗಳ ಟೆಂಡರ್ ಮುಗಿದು, ಬೆಳೆಗಾರರ ಖಾತೆಗಳಿಗೆ ಹಣ ಜಮೆಯಾಗಿ, ದಿನದ ಲೆಕ್ಕ ತಾಳೆಯಾಗುವಷ್ಟರಲ್ಲಿ ಸಂಜೆ ಆರೂವರೆ ದಾಟಿರುತ್ತದೆ. ತುಮರಿ ಕಡೆಯಿಂದ ಬರುವ ಗುಮಾಸ್ತೆಯೊಬ್ಬರು ಮಾತ್ರ ನಾಲ್ಕು ಗಂಟೆಗೇ ಚೀಲ ಹೆಗಲಿಗೇರಿಸುತ್ತಿದ್ದರು. ಒಮ್ಮೆ ಸಿಬ್ಬಂದಿ ಸಭೆಯಲ್ಲಿ ಎಲ್ಲರೆದುರೇ, "ಮನೆ ಎಲ್ಲರಿಗೂ ಇದೆ ಮೇಡಂ" ಎಂದುಬಿಟ್ಟೆ. ಅವರು ಉತ್ತರಿಸಲಿಲ್ಲ, ಲೆಡ್ಜರಿನ ಅಂಚನ್ನು ಉಗುರಿನಿಂದ ಗೀರುತ್ತ ಕುಳಿತರು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಶರಾವತಿಯ ಹಿನ್ನೀರು ಆ ಭಾಗವನ್ನು ಸಾಗರದಿಂದ ಬೇರೆ ಮಾಡಿದ್ದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಮಳೆಗಾಲದ ಹೊಸ್ತಿಲಲ್ಲಿ ಅಲ್ಲಿಯ ಮದುವೆಯೊಂದಕ್ಕೆ ಹೋಗಿ, ಹಿಂದಿರುಗುವಾಗ ಕಳಸವಳ್ಳಿಯ ದಡದಲ್ಲಿ ಹಿನ್ನೀರು ದಾಟಿಸುವ ಕಡೆಯ ಲಾಂಚು ತಪ್ಪಿ, ಸುತ್ತು ದಾರಿ ಹಿಡಿಯಲು ವಾಹನವೂ ಇಲ್ಲದೆ, ಕೊಡೆ ಮಡಚಿಕೊಂಡು ಮದುವೆ ಮನೆಗೇ ಮರಳಿದ ಆ ರಾತ್ರಿಯವರೆಗೆ ನಾಲ್ಕು ಗಂಟೆಯ ಅರ್ಥ ನನಗೆ ಆಗಿರಲಿಲ್ಲ. ನನಗಾದರೋ ಮದುವೆ ಮನೆಯ ಊಟ, ಹಾಸಿಗೆ ಇದ್ದವು. ಅವರು ಈಚೆ ದಡದಲ್ಲಿ ಉಳಿದರೆ ಎಲ್ಲಿಗೆ ಹೋಗಬೇಕಿತ್ತು?

ಮರುವಾರದ ಸಭೆಯಲ್ಲಿಯೇ ಕ್ಷಮೆ ಕೇಳಿದೆ. ಎಲ್ಲರೆದುರು ಆಡಿದ ಮಾತಿಗೆ ಕೋಣೆಗೆ ಕರೆದು ಗುಟ್ಟಾಗಿ ಕ್ಷಮೆ ಕೇಳುವುದು ನನಗೆ ಸರಿಕಾಣಲಿಲ್ಲ. ಅವರು ಇನ್ನು ನಿಶ್ಚಿಂತೆಯಿಂದ ನಾಲ್ಕಕ್ಕೆ ಹೊರಡಬಹುದೆಂದೂ ಹೇಳಿ, ದೊಡ್ಡ ಉಪಕಾರ ಮಾಡಿದೆನೆಂದು ಒಳಗೊಳಗೇ ಬೀಗಿದೆ.

ಹದಿನೈದು ದಿನ ಕಳೆದಿರಬಹುದು. ಸಂಜೆಯ ತಾಳೆ ನೋಡುವ ಹಿರಿಯ ಸಹೋದ್ಯೋಗಿ ತಡೆತಡೆದು ಹೇಳಿದರು: "ಸರ್, ಅವರ ತೊಂದರೆ ನಂಗೂ ಗೊತ್ತು. ಆದ್ರೆ ಮನೇಲಿ ಅಮ್ಮ ಹಾಸಿಗೆ ಹಿಡಿದಿದಾರೆ, ಅವರಿಗೆ ಸಂಜೆ ಗಂಜಿ ಕುಡಿಸೋಕೆ ನಾನೇ ಬೇಕು." ನನ್ನ ಔದಾರ್ಯದ ಖರ್ಚು ಅವರ ಲೆಕ್ಕಕ್ಕೆ ಬೀಳುತ್ತಿತ್ತು, ಲೆಕ್ಕ ಬರೆಯುವುದನ್ನೇ ಕಸುಬು ಮಾಡಿಕೊಂಡ ನನಗೆ ಅದು ಕಾಣಿಸಿರಲಿಲ್ಲ.

ಆಗ ಇಬ್ಬರನ್ನೂ ಕೂರಿಸಿಕೊಂಡು, ನಾನು ಹೆಚ್ಚು ಮಾತನಾಡದೆ ಕೇಳಿದೆ. ದಾರಿ ತೋರಿಸಿದವರು ಗುಮಾಸ್ತೆಯೇ. ಆ ದಿನವೇ ಮುಗಿಯಬೇಕಾದದ್ದು ನಗದಿನ ತಾಳೆ ಮಾತ್ರ. ಲಾಟುವಾರು ಪಟ್ಟಿಗಳನ್ನು ಟೆಂಡರ್ ಶುರುವಾಗುವ ಮೊದಲು, ಬೆಳಿಗ್ಗೆ ಬಂದು ತಾವೇ ಪರಿಶೀಲಿಸುವುದಾಗಿ ಅವರು ಹೇಳಿದರು. ನಗದಿನ ತಾಳೆಯನ್ನು ವಾರಕ್ಕೆ ಎರಡು ಸಂಜೆ ನಾನೇ ವಹಿಸಿಕೊಂಡೆ. ಮೊದಲ ಸಂಜೆಯೇ ಇನ್ನೂರು ರೂಪಾಯಿ ಹೊಂದದೆ ಏಳೂಕಾಲರವರೆಗೆ ಕುಳಿತದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಅದಾದ ಕೆಲವು ದಿನಗಳಿಗೆ, ನಾಲ್ಕು ಗಂಟೆಗೆ ಗುಮಾಸ್ತೆ ಎದ್ದದ್ದನ್ನು ಕಂಡು ಎಂದಿನಂತೆ ತಲೆಯಾಡಿಸಿದೆ. ಅವರು ಬಾಗಿಲ ಕಡೆಗೆ ಹೋಗಲಿಲ್ಲ. ಹಿರಿಯ ಸಹೋದ್ಯೋಗಿಯ ಮೇಜಿನಿಂದ ನಗದು ಪುಸ್ತಕವನ್ನು ಎತ್ತಿಕೊಂಡು, "ಇವತ್ತು ನೀವು ಹೊರಡಿ, ಅಮ್ಮ ಕಾಯ್ತಿರ್ತಾರೆ" ಎಂದರು.