ಹನಿ ಬಿದ್ದ ಜಾಗ ಬೇರೆ, ಸೋರಿದ ಜಾಗ ಬೇರೆ

ಬೆಳಿಗ್ಗೆ ಬೈಕ್ ಹೊರಗೆ ತೆಗೆದಾಗ ನೆಲದ ಮೇಲೆ ಶರ್ಟಿನ ಗುಂಡಿಯಷ್ಟು ಅಗಲದ ಕಲೆ ಇತ್ತು. ಒರೆಸಿ ಹೊರಟೆ. ಮೂರನೇ ದಿನವೂ ಅದೇ ಕಲೆ, ಅದೇ ಜಾಗದಲ್ಲಿ. ಆಮೇಲೆ ಸುಮ್ಮನಿರಲು ಆಗಲಿಲ್ಲ. ಸೋರಿದ್ದು ಹಿಂದಿನ ಟೈರಿಗೆ ತಾಗಿದರೆ ತಿರುವಿನಲ್ಲಿ ಬೈಕ್ ಜಾರುತ್ತದೆ.

ಮೊದಲು ಗೊತ್ತಾಗಬೇಕಾದದ್ದು ಸೋರುತ್ತಿರುವುದು ಏನು ಅಂತ. ರಾತ್ರಿ ಬೈಕ್ ಕೆಳಗೆ ಬಿಳಿ ಕಾಗದ ಹಾಕಿಟ್ಟೆ. ಪೆಟ್ರೋಲ್ ಆಗಿದ್ದರೆ ಬೆಳಗಾಗುವಷ್ಟರಲ್ಲಿ ಆರಿಹೋಗಿರುತ್ತದೆ, ವಾಸನೆಯಲ್ಲೇ ಗೊತ್ತಾಗುತ್ತದೆ. ಬ್ರೇಕ್ ಆಯಿಲ್ ಸಾಮಾನ್ಯವಾಗಿ ತಿಳಿಹಳದಿ ಇರುತ್ತದೆ, ನೀರಿನಲ್ಲಿ ಬೆರೆಯುತ್ತದೆ, ಪೇಂಟ್ ಮೇಲೆ ಬಿದ್ದರೆ ಪೇಂಟನ್ನೇ ಎಬ್ಬಿಸುತ್ತದೆ. ಇಂಜಿನ್ ತಂಪು ಮಾಡುವ ಕೂಲೆಂಟ್ ಬಣ್ಣದ್ದು, ಅಂಟಂಟು, ಸಿಹಿ ವಾಸನೆ. ನನ್ನದು ಗಾಳಿಯಿಂದಲೇ ತಂಪಾಗುವ ಏರ್ ಕೂಲ್ಡ್ ಬೈಕ್, ಕೂಲೆಂಟ್ ಮಾತೇ ಇಲ್ಲ. ಕಾಗದದ ಮೇಲಿನ ಹನಿ ಕಂದು ಬಣ್ಣಕ್ಕಿತ್ತು, ಸುತ್ತ ಅಗಲವಾಗಿ ಹರಡಿತ್ತು. ಒಂದು ಹನಿಯನ್ನು ನೀರಿಗೆ ಬಿಟ್ಟೆ, ತೇಲಿತು. ಇಂಜಿನ್ ಆಯಿಲ್ಲೇ. ಚೈನಿಗೆ ಹೊಡೆದ ಲೂಬ್ ಕೂಡ ಕೆಲವೊಮ್ಮೆ ಹೀಗೇ ತೊಟ್ಟಿಕ್ಕಿ ಮೋಸ ಮಾಡುತ್ತದೆ. ಆದರೆ ನಾನು ಹಾಕುವ ಲೂಬ್ ಮಂದ, ಬೆರಳಿಗೆ ಅಂಟುತ್ತದೆ, ಕಾಗದದ ಮೇಲೆ ಇಷ್ಟು ಹರಡುವುದಿಲ್ಲ.

ಇಲ್ಲಿಂದ ನಾನು ತಪ್ಪು ದಾರಿ ಹಿಡಿದೆ. ಹನಿ ಇಂಜಿನ್ ಕೆಳಗೆ ಬಿದ್ದಿದೆ, ಹಾಗಾದರೆ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಇರಬೇಕು ಅಂದುಕೊಂಡೆ. ಆಯಿಲ್ ಇಳಿಸಿ, ಬೋಲ್ಟಿನ ವಾಷರ್ ಬದಲಿಸಿದೆ. ಹನಿ ನಿಲ್ಲಲಿಲ್ಲ. ಚೈನ್ ಎಳೆಯುವ ಮುಂದಿನ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್‌ನ, ಕವರ್ ತಳದಲ್ಲಿ ಒದ್ದೆ ಕಂಡಿತು. ಅಲ್ಲಿನ ಶಾಫ್ಟ್ ಸುತ್ತ ಆಯಿಲ್ ತಡೆಯುವ ಸೀಲ್ ಹೋಗಿದೆ ಎಂದು ಸ್ಪ್ರಾಕೆಟ್ ಬಿಚ್ಚಿ ಅದನ್ನೂ ಹೊಸದು ಹಾಕಿದೆ. ಅರ್ಧ ದಿನದ ಕೆಲಸ. ಮರುದಿನ ಬೆಳಿಗ್ಗೆ ನೋಡಿದರೆ ಅದೇ ಕಲೆ. ಆಯಿಲ್ ಇಂಜಿನ್ ಮೈಮೇಲೆ ಹರಿದು ಎಲ್ಲಕ್ಕಿಂತ ತಗ್ಗಾದ ಜಾಗ ಹುಡುಕಿಕೊಂಡು ಬೀಳುತ್ತದೆ. ಓಡುವಾಗ ಗಾಳಿ ಅದನ್ನು ಇನ್ನೂ ಹಿಂದಕ್ಕೆ ತಳ್ಳುತ್ತದೆ. ಹನಿ ಬಿದ್ದ ಜಾಗ ನೋಡಿ ಪಾರ್ಟ್ ಬದಲಿಸಿದ್ದೇ ನಾನು ಮಾಡಿದ ತಪ್ಪು.

ಆಮೇಲೆ ಮೊದಲಿಂದ ಶುರು ಮಾಡಿದೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಹಳೆ ಹಲ್ಲುಜ್ಜುವ ಬ್ರಷ್ ಮತ್ತು ಸೀಮೆಎಣ್ಣೆ ಹಿಡಿದು ಕೂತೆ. ಕವರಿನ ಅಂಚು, ಬೋಲ್ಟ್ ತಲೆಯ ಸುತ್ತ, ಗೇರ್ ಲಿವರ್ ಶಾಫ್ಟ್ ಬುಡ, ಒಂದನ್ನೂ ಬಿಡಲಿಲ್ಲ. ಸೋಪಿನ ನೀರಲ್ಲಿ ತೊಳೆದು, ಬಟ್ಟೆಯಿಂದ ಒತ್ತಿ ಒರೆಸಿ, ಚೆನ್ನಾಗಿ ಒಣಗಲು ಬಿಟ್ಟೆ. ನಂತರ ಒದ್ದೆ ಕಂಡಿದ್ದ ಎಡಗಡೆಗೆಲ್ಲಾ ಟಾಲ್ಕಂ ಪೌಡರ್ ಉದುರಿಸಿದೆ. ಒಣ ಪೌಡರ್ ಬಿಳಿಯಾಗಿಯೇ ಇರುತ್ತದೆ, ಆಯಿಲ್ ತಾಗಿದ ಕಡೆ ಮಾತ್ರ ಕಪ್ಪು ಗೆರೆ ಬೀಳುತ್ತದೆ. ಬ್ರೇಕ್ ಮೇಲೆ ಮಾತ್ರ ಪೌಡರ್ ಬೀಳದಂತೆ ನೋಡಿಕೊಳ್ಳಿ.

ಹತ್ತು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟೆ, ಗೆರೆ ಇಲ್ಲ. ಒಂದು ಸುತ್ತು ಓಡಿಸಿ ಬಂದೆ, ಆಗಲೂ ಇಲ್ಲ. ಆ ರಾತ್ರಿ ಡಬಲ್ ಸ್ಟ್ಯಾಂಡ್ ಹಾಕಿ ಕೆಳಗೆ ರಟ್ಟು ಇಟ್ಟೆ. ಬೆಳಿಗ್ಗೆ ರಟ್ಟು ಒಣಗಿತ್ತು. ಮರುದಿನ ರಾತ್ರಿ ಸೈಡ್ ಸ್ಟ್ಯಾಂಡ್‌ನಲ್ಲಿ ನಿಲ್ಲಿಸಿದೆ. ಹನಿ ಬಿದ್ದಿತ್ತು!

ಎಷ್ಟು ಖುಷಿಯಾಯಿತು ಅಂದ್ರೆ ಹೇಳೋಕಾಗಲ್ಲ. ಸೈಡ್ ಸ್ಟ್ಯಾಂಡ್‌ನಲ್ಲಿ ಬೈಕ್ ಎಡಕ್ಕೆ ವಾಲುತ್ತದೆ, ಒಳಗಿನ ಆಯಿಲ್ಲೂ ಎಡಗಡೆ, ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಮತ್ತು ಕಾಯಿಲ್ ಇರುವ ಕವರ್ ಕಡೆಗೆ ಸೇರಿಕೊಳ್ಳುತ್ತದೆ. ನೇರ ನಿಂತಾಗ ಆಯಿಲ್ ಮುಟ್ಟದ ಯಾವುದೋ ಜಾಗವನ್ನು ವಾಲಿದಾಗ ಮುಟ್ಟುತ್ತಿದೆ ಅಂತಾಯಿತು, ಅಲ್ವಾ? ಟಾರ್ಚ್ ಹಿಡಿದು ನೋಡಿದೆ. ಪೌಡರ್ ಮೇಲೆ ಎಲ್ಲೂ ಗೆರೆ ಇಲ್ಲ. ಆದರೆ ಮ್ಯಾಗ್ನೆಟ್ ಕಾಯಿಲಿನಿಂದ ಹೊರಬರುವ ವೈರುಗಳ ಮೇಲಿನ ಕಪ್ಪು ಕೊಳವೆ, ಅಂದರೆ ಸ್ಲೀವ್, ಒಂದು ಕಡೆ ಹೊಳೆಯುತ್ತಿತ್ತು. ಎರಡು ಬೆರಳಲ್ಲಿ ಹಿಂಡಿದೆ. ತುದಿಯಿಂದ ಆಯಿಲ್ ಜಿನುಗಿತು. ವೈರುಗಳು ಕವರಿನಿಂದ ಹೊರಬರುವ ಕಡೆ ಇದ್ದ ರಬ್ಬರ್ ಬಿರುಸಾಗಿ ಸಂದು ಬಿಟ್ಟಿತ್ತು. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ವೈರುಗಳ ನಡುವೆ ಆಯಿಲ್ ಹರಿದು, ಸ್ಲೀವ್ ಬಗ್ಗಿದ ಕಡೆ, ಅಂದರೆ ಸ್ಪ್ರಾಕೆಟ್ ಕವರ್ ಹಿಂದೆ, ತೊಟ್ಟಿಕ್ಕುತ್ತಿತ್ತು. ಪೌಡರ್ ಮೇಲೆ ಗೆರೆ ಬೀಳದಿದ್ದದ್ದು ಅದಕ್ಕೇ.

ರಿಪೇರಿ ಕಷ್ಟದ್ದಲ್ಲ, ತಾಳ್ಮೆ ಬೇಕು. ಆಯಿಲ್ ಇಳಿಸಿ ಕವರ್ ಬಿಚ್ಚಿದೆ. ಬೋಲ್ಟುಗಳು ಒಂದೇ ಉದ್ದದವಲ್ಲ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಯಾವುದು ಎಲ್ಲಿಯದೋ ಅಲ್ಲೇ ಚುಚ್ಚಿಟ್ಟೆ. ಕಾಯಿಲ್ ಕವರಿಗೇ ಕೂತಿದ್ದರೆ ವಾಪಸ್ ಹಾಕುವಾಗ ಮ್ಯಾಗ್ನೆಟ್ ಕವರನ್ನು ಫಟ್ ಅಂತ ಎಳೆದುಕೊಳ್ಳುತ್ತದೆ, ಬೆರಳು ಹುಷಾರು. ಕವರ್ ಸಂದಿನಲ್ಲಿ ಆಯಿಲ್ ತಡೆಯುವ ಹಳೆ ಗ್ಯಾಸ್ಕೆಟ್‌ನ ತುಣುಕುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದೆ. ಲೋಹದ್ದು ತಾಗಿದರೆ ಅಲ್ಯೂಮಿನಿಯಂ ಗೀರಿಹೋಗಿ ಇನ್ನೊಂದು ಲೀಕ್ ಶುರುವಾಗುತ್ತದೆ. ರಬ್ಬರ್ ಸುತ್ತ ಆಯಿಲ್ ತಡೆಯುವ ಸಿಲಿಕೋನ್ ಸೀಲಂಟ್ ತೆಳ್ಳಗೆ ಹಚ್ಚಿದೆ. ಜಾಸ್ತಿ ಹಚ್ಚಿದರೆ ಒಳಕ್ಕೆ ಉಬ್ಬಿದ ಚೂರು ಕಿತ್ತುಬಂದು ಆಯಿಲ್ ದಾರಿಯನ್ನು ಮುಚ್ಚಬಹುದು. ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. 6 ಮಿಲಿಮೀಟರ್ ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು, ನಿಮ್ಮ ಬೈಕಿನ ಮ್ಯಾನುಯಲ್ ಹೇಳಿದ್ದೇ ಕೊನೆ ಮಾತು. ಒಂದಿಡೀ ದಿನ ಸೀಲಂಟ್ ಒಣಗಲು ಬಿಟ್ಟು ಆಮೇಲೆ ಆಯಿಲ್ ತುಂಬಿದೆ.

ಮರುದಿನ ರಟ್ಟಿನ ಮೇಲೆ ಮತ್ತೆ ಎರಡು ಹನಿ! ಎದೆ ಧಸಕ್ಕೆಂದಿತು. ಸ್ಲೀವ್ ಹಿಂಡಿದಾಗ ಅರ್ಥವಾಯಿತು, ಒಳಗೆ ಉಳಿದಿದ್ದ ಹಳೇ ಆಯಿಲ್ ಅದು. ಬಟ್ಟೆ ಸುತ್ತಿ ಪೂರ್ತಿ ಹಿಂಡಿ ತೆಗೆದೆ. ಅದಾದ ಮೇಲೆ ಒಂದು ವಾರ ಬೇಕೆಂದೇ ಸೈಡ್ ಸ್ಟ್ಯಾಂಡ್‌ನಲ್ಲೇ ನಿಲ್ಲಿಸಿದೆ. ಏಳೂ ದಿನ ರಟ್ಟು ಒಣಗಿಯೇ ಇತ್ತು.